ಇರು ಎಂಬ ಒಂದು ಮಾತು

ಹೊಸ ಫುಟ್‌ಬಾಲ್ ಕೋಚ್ ಮೈದಾನ ದಾಟಿ ತನ್ನ ಕಡೆಗೇ ಬರುತ್ತಿರುವುದನ್ನು ಕಂಡು ಮಾರಿಟ್ ಜಗಳಕ್ಕೆ ಸಿದ್ಧಳಾಗಿ ನಿಂತಳು.

ಹ್ಯಾಲಕ್ ಸ್ಟೇಟ್ ಕಾಲೇಜಿನ ಬ್ಯಾಂಡ್ ನಡೆಸುವವಳು ಅವಳು. ನೆಬ್ರಾಸ್ಕಾದಲ್ಲಿ ಮೆಕ್ಕೆಜೋಳದ ಹೊಲಗಳು ಮುಗಿದು ಹುಲ್ಲುಗಾವಲು ಶುರುವಾಗುವ ಕಡೆ ಇರುವ ಸಣ್ಣ ಊರು ಹ್ಯಾಲಕ್. ಅವಳು ಬಂದಾಗ ಬ್ಯಾಂಡಿನಲ್ಲಿ ಇದ್ದವರು ಒಂದು ಬಸ್ಸು ತುಂಬುವಷ್ಟೂ ಇರಲಿಲ್ಲ. ಈಗ ಮೈದಾನಕ್ಕಿಳಿದರೆ ಒಂದು ತುದಿಯಿಂದ ಇನ್ನೊಂದು ತುದಿಗೆ ಹಿತ್ತಾಳೆಯ ವಾದ್ಯ ಹೊಳೆಯುತ್ತಿತ್ತು. ಬ್ಯಾಂಡಿನ ಅಂಗಳ, ಚೆಂಡು ಕೈಯಲ್ಲಿ ಹಿಡಿದು ಓಡುವ ಅಮೆರಿಕದ ಫುಟ್‌ಬಾಲ್ ಹುಡುಗರ ಅಭ್ಯಾಸದ ಮೈದಾನಕ್ಕೆ ಅಂಟಿಕೊಂಡೇ ಇತ್ತು. ತಂಟೆಯೆಲ್ಲ ಅದರಿಂದಲೇ.

"ನೀವು ಏನ್ ಹೇಳೋಕೆ ಬಂದಿದೀರ ಅಂತ ಗೊತ್ತು ಕೋಚ್," ಅವಳೇ ಮೊದಲು ಮಾಡಿದಳು. "ನಮ್ಮ ಡ್ರಮ್ ಸದ್ದಿಗೆ ನಿಮ್ಮ ಹುಡುಗ್ರಿಗೆ ಏನೂ ಕೇಳ್ಸಲ್ಲ. ಹೋದ ಕೋಚೂ ಇದೇ ಹೇಳಿದ್ರು. ಅವರಿಗಿಂತ ಮುಂಚಿನವರೂ ಇದೇ ಹೇಳಿದ್ರು. ಅವರಿಬ್ರೂ ಹೋದ್ರು. ಡ್ರಮ್ ಇಲ್ಲೇ ಇದೆ."

ಅವನು ಟೋಪಿ ತೆಗೆದ. ಎತ್ತರದ ಆಳು, ಬಿಸಿಲಿಗೆ ಕೆಂಪಾದ ಕತ್ತು, ನಿದ್ದೆಗೆಟ್ಟ ಕಣ್ಣು. ಆ ಕಣ್ಣಿನ ಅಂಚಿನಲ್ಲಿ ಮಾತ್ರ ಏನೋ ತುಂಟತನ.

"ಇನ್ನೂ ಸ್ವಲ್ಪ ಜೋರಾಗಿ ಬಾರಿಸೋಕಾಗತ್ತಾ ಅಂತ ಕೇಳೋಕೆ ಬಂದೆ," ಅಂದ.

ಮಾರಿಟ್‌ಗೆ ಸೊಂಟದ ಮೇಲಿಟ್ಟಿದ್ದ ಕೈ ತಾನಾಗಿಯೇ ಇಳಿಯಿತು.

"ಬೇರೆ ಊರಿಗೆ ಆಡೋಕೆ ಹೋದಾಗ ಅಲ್ಲಿಯ ಜನ ಎಲ್ಲಾ ಸೇರಿ ಕಿರುಚ್ತಾರೆ. ನಮ್ಮ ಹುಡುಗ್ರು ಒಬ್ಬರ ಮಾತು ಒಬ್ಬರಿಗೆ ಕೇಳದೆ ಚೆಂಡು ಅವುಚ್ಕೊಂಡು ದಿಕ್ಕೆಟ್ಟು ನಿಂತ್ಬಿಡ್ತಾರೆ. ಇಲ್ಲೇ ಅಭ್ಯಾಸ ಆಗ್ಲಿ. ನೀವು ಬೇಲಿ ದಾಟಿ ಬಂದು ಅವರ ನೆತ್ತಿ ಮೇಲೇ ಬಾರಿಸಿ."

ಡ್ರಮ್ ಕಲಿಸುವ ಓಡೆಟ್ ಪಕ್ಕದಲ್ಲೇ ಇದ್ದಳು. ನ್ಯೂ ಆರ್ಲಿಯನ್ಸ್ ಹೆಂಗಸು, ಅರವತ್ತು ದಾಟಿದವಳು, ನಾಲಗೆಗೆ ಹಿಡಿತವಿಲ್ಲ. ಕೋಚ್ ಬೆನ್ನು ತಿರುಗಿಸಿದ್ದೇ ತಡ, "ಈ ಮಾತು ಒಬ್ಬ ಗಂಡಸಿನ ಬಾಯಲ್ಲಿ ಕೇಳೋಕೆ ನನ್ ಆಯಸ್ಸೆಲ್ಲ ಕಾದೆ. ನನಗೆ ಗಂಡ ಇದಾನೆ, ಏನ್ ಮಾಡೋದು. ನೀನಾದ್ರೂ ನೋಡೇ," ಅಂದಳು.

"ಸುಮ್ನಿರು ಓಡೆಟ್, ಕೇಳ್ಸತ್ತೆ."

"ಕೇಳ್ಲಿ ಅಂತಾನೇ ಅಂದಿದ್ದು."

ಮೈದಾನದ ನಡುವೆ ಅವನ ಹೆಗಲು ಸಣ್ಣಗೆ ಕುಲುಕಿತು. ಕೇಳಿಸಿತ್ತು.

ಆ ವರ್ಷ ಕೋಚ್ ವೇಡ್ ಹಾಲ್ವರ್ಸನ್ ಗೆದ್ದದ್ದು ಎರಡೇ ಪಂದ್ಯ.

ಅಕ್ಟೋಬರಿನ ಒಂದು ಶನಿವಾರ, ಸ್ವಂತ ಊರಿನಲ್ಲೇ, ಐವತ್ತಾರಕ್ಕೆ ಮೂರರಂತೆ ಸೋತರು. ಕೊರೆಯುವ ಗಾಳಿ. ಪಂದ್ಯ ಮುಗಿಯುವ ಮೊದಲೇ ಜನ ಕಂಬಳಿ ಮಡಚಿಕೊಂಡು ಹೊರಟಿದ್ದರು. ಪಂದ್ಯದ ನಂತರ ಬ್ಯಾಂಡು ನುಡಿಸುವುದು ವಾಡಿಕೆ, ಕೇಳುವವರಿರಲಿ, ಇಲ್ಲದಿರಲಿ. ಮಾರಿಟ್ ಏಣಿ ಹತ್ತಿ ಕೈ ಎತ್ತಿದಳು. ಖಾಲಿ ಮೆಟ್ಟಿಲುಗಳ ಎದುರು ಹುಡುಗರು ಮರಗಟ್ಟಿದ ಬೆರಳಿನಲ್ಲಿ ನುಡಿಸಿದರು.

ಸೋತ ಕೋಚುಗಳು ತಲೆ ತಗ್ಗಿಸಿಕೊಂಡು ನೇರ ಒಳಗೆ ಹೋಗುತ್ತಾರೆ. ಇವನು ಹೋಗಲಿಲ್ಲ. ಮೈದಾನದ ಗೆರೆಯ ಮೇಲೆ, ಟೋಪಿ ತೆಗೆದು ಕೈಯಲ್ಲಿ ಹಿಡಿದು, ಕೊನೆಯ ಸ್ವರ ಆರುವವರೆಗೆ ನಿಂತ. ಆಮೇಲೆ ಏಣಿಯ ಮೇಲಿದ್ದ ಅವಳ ಕಡೆ ನೋಡಿ ಸುಮ್ಮನೆ ತಲೆಯಾಡಿಸಿದ. ಒಳ್ಳೆಯ ಕೆಲಸ ಮಾಡಿದ ಇನ್ನೊಬ್ಬ ಕೆಲಸಗಾರನಿಗೆ ತಲೆಯಾಡಿಸುವ ಹಾಗೆ.

ಮಾರಿಟ್‌ಗೆ ಏಣಿ ಇಳಿಯುವಾಗ ಒಂದು ಮೆಟ್ಟಿಲು ತಪ್ಪಿತು. ಚಳಿಗೆ ಅಂದುಕೊಂಡಳು.

ಮರುದಿನ ಮಧ್ಯಾಹ್ನ ಊಟಕ್ಕೆ ಕರೆದಳು. ದೊಡ್ಡ ಬಟ್ಟಲಲ್ಲಿ ಮಾಂಸ, ಬೀನ್ಸ್ ಹಾಕಿ ಕುದಿಸಿದ ಖಾರದ ಚಿಲಿ. ಪಕ್ಕದಲ್ಲಿ ದಾಲ್ಚಿನ್ನಿ ಹಾಕಿ ಸುರುಳಿ ಸುತ್ತಿ ಬೇಯಿಸಿದ ಸಿಹಿ ರೋಲ್. ಪೆನ್ಸಿಲ್ವೇನಿಯಾದಿಂದ ಬಂದವನು ಎರಡನ್ನೂ ಹುಬ್ಬೇರಿಸಿ ನೋಡಿದ.

"ಇದು ಊಟಾನಾ, ಇಲ್ಲಾ ಸೋತ ಕೋಚಿಗೆ ಶಿಕ್ಷೇನಾ?"

"ಅದ್ದಿಕೊಂಡು ತಿನ್ನಿ. ನಮ್ಮ ಕಡೆ ಸ್ಕೂಲಲ್ಲೇ ಕಲಿಸ್ತಾರೆ ಇದನ್ನ."

ಅದ್ದಿ ತಿಂದ. ಅಗಿಯುತ್ತಾ ಕಣ್ಣು ಮುಚ್ಚಿದ. ಕಣ್ಣು ತೆರೆದಾಗ ಅವಳನ್ನೇ ನೋಡುತ್ತಿದ್ದ.

"ಹೇಗಿದೆ ಕೋಚ್?"

"ಕೋಚ್ ಅನ್ಬೇಡಿ. ಊರೆಲ್ಲಾ ಅದನ್ನೇ ಅನ್ನತ್ತೆ. ನನ್ ಹೆಸರು ಯಾರ ಬಾಯಲ್ಲೂ ಕೇಳಿ ವರ್ಷಗಳೇ ಆಗಿವೆ."

ಅವಳು ಅವನ ತಟ್ಟೆಗೆ ಇನ್ನೊಂದು ರೋಲ್ ಹಾಕಿದಳು. "ತಿನ್ನು, ವೇಡ್."

ಅವನ ಕಿವಿ ಕೆಂಪಾಯಿತು. ನಲವತ್ತನಾಲ್ಕು ವರ್ಷದ ಗಂಡಸಿನ ಕಿವಿ ಹೆಸರು ಕರೆದದ್ದಕ್ಕೆ ಕೆಂಪಾಗುವುದನ್ನು ಅವಳು ಅದೇ ಮೊದಲು ಕಂಡದ್ದು.

ಅಂದು ಅವನು ತನ್ನ ಅಪ್ಪನ ವಿಷಯ ಹೇಳಿದ. ಕಲ್ಲಿದ್ದಲು ಗಣಿಯ ಊರಿನ ಹೈಸ್ಕೂಲಿಗೆ ಅಪ್ಪ ಕೋಚ್. ಊರಿಗೆ ಕಪ್ ತಂದುಕೊಟ್ಟವನು. ಅವನು ಬೀದಿಯಲ್ಲಿ ನಡೆದರೆ ಜನ ಅಂಗಡಿಯಿಂದೆದ್ದು ಬಂದು ಕೈ ಕುಲುಕುತ್ತಿದ್ದರು. ಆಮೇಲೆ ಎರಡು ವರ್ಷ ಸೋತರು. ಒಂದು ಬೆಳಗ್ಗೆ ಬಾಗಿಲು ತೆಗೆದರೆ ಅಂಗಳದ ತುಂಬ 'ಮನೆ ಮಾರಾಟಕ್ಕಿದೆ' ಬೋರ್ಡುಗಳು. ಊರು ಬಿಟ್ಟು ತೊಲಗು ಎಂದು ಯಾರು ನೆಟ್ಟರೋ. ಅಪ್ಪ ಒಂದೊಂದನ್ನೇ ಕಿತ್ತು ಗ್ಯಾರೇಜಿನಲ್ಲಿ ಜೋಡಿಸಿಟ್ಟು, ಏನೂ ಆಗಿಲ್ಲವೆಂಬಂತೆ ಕೆಲಸಕ್ಕೆ ಹೋದನಂತೆ.

"ಊರು ಪ್ರೀತ್ಸೋದು ಗೆಲುವನ್ನ, ಮಾರಿಟ್. ಮನುಷ್ಯನ್ನಲ್ಲ."

"ಈ ವರ್ಷ ನೀನು ಏನ್ ಗೆದ್ದಿದೀಯಾ ಅಂತ ನಾನಿಲ್ಲಿ ಕೂತಿದೀನಿ?"

ಅವನು ನಕ್ಕ. ಕನಿಕರದಿಂದ ಆಡಿದ ಒಳ್ಳೆಯ ಮಾತಿಗೆ ನಗುವ ಹಾಗೆ ನಕ್ಕ. ಅವಳು ಹೇಳಿದ್ದು ನಿಜವಿರಬಹುದೆಂದು ಅವನಿಗೆ ಅನ್ನಿಸಲೇ ಇಲ್ಲ.

ಎರಡನೆಯ ವರ್ಷ ಅರ್ಧಕ್ಕರ್ಧ ಗೆದ್ದರು. ಮೂರನೆಯ ವರ್ಷ ಒಂದು ಬಿಟ್ಟು ಎಲ್ಲವನ್ನೂ ಗೆದ್ದರು.

ಹ್ಯಾಲಕ್ ಅಂಥದ್ದನ್ನು ಕಂಡೇ ಇರಲಿಲ್ಲ. ಕ್ಷೌರದಂಗಡಿಯ ಗಾಜಿನ ಮೇಲೆ ವೇಡ್‌ನ ಚಿತ್ರ, ಜೋಳ ತುಂಬುವ ದೊಡ್ಡ ಉಗ್ರಾಣದ ಗೋಡೆಯ ಮೇಲೆ ವೇಡ್‌ನ ಹೆಸರು. ಚರ್ಚಿನಲ್ಲಿ ಪಾದ್ರಿ ಶನಿವಾರದ ಪಂದ್ಯದ ಮಾತಾಡಿಯೇ ಬೈಬಲ್ ತೆರೆಯುತ್ತಿದ್ದರು. ಚೆಂಡು ಎಸೆದು ಆಟ ನಡೆಸುವ ಹುಡುಗ ಏಬ್ರಮ್ ಸ್ಕಲ್ಲಿ ಪಕ್ಕದ ಜಿಲ್ಲೆಯವನೇ, ದನ ಸಾಕುವವರ ಮಗ. ದೊಡ್ಡ ಕಾಲೇಜುಗಳು ಇವನು ಕುಳ್ಳ ಎಂದು ಬಿಟ್ಟಿದ್ದವು. ವೇಡ್ ಅವರ ಮನೆಗೆ ಹೋಗಿ, ಅವನ ತಾಯಿ ಬಡಿಸಿದ್ದನ್ನೆಲ್ಲ ಉಂಡು, ಕರೆದುಕೊಂಡು ಬಂದಿದ್ದ.

ಮಾರಿಟ್ ಮತ್ತು ವೇಡ್ ಜೋಡಿ ಎಂಬುದು ಊರಿಗೆ ಗೊತ್ತಿತ್ತು. ಊರು ಅದನ್ನು ಒಪ್ಪಿ, ತನ್ನ ಅದೃಷ್ಟದ ಭಾಗವೆಂದೇ ತಿಳಿದಿತ್ತು. ಪಂದ್ಯ ಶುರುವಾಗುವ ಮುಂಚೆ ಅವನು ಮೈದಾನದಿಂದ ತಲೆಯೆತ್ತಿ ಬ್ಯಾಂಡಿನ ಕಡೆ ನೋಡುತ್ತಿದ್ದ. ಸಾವಿರಾರು ಜನರ ನಡುವೆ ಆ ನೋಟ ನೇರ ಬಂದು ಅವಳ ಮೇಲೆ ಕೂರುತ್ತಿತ್ತು. ಅವಳು ಹುಬ್ಬು ಹಾರಿಸುತ್ತಿದ್ದಳು: ಏನು? ಅವನು ಟೋಪಿಯ ಅಂಚು ಮುಟ್ಟುತ್ತಿದ್ದ: ಏನಿಲ್ಲ, ಇದ್ದೀಯಾ ಅಂತ ನೋಡಿದೆ. ಓಡೆಟ್ ಜೋರಾಗಿ ಕೆಮ್ಮುತ್ತಿದ್ದಳು.

ನವೆಂಬರ್ ಬರುವಷ್ಟರಲ್ಲಿ ಮಾತು ಶುರುವಾಯಿತು. ದಕ್ಷಿಣದ ಸಮುದ್ರದ ಕಡೆಯ ಮಾರ್ಶಾಂಡ್ ಯೂನಿವರ್ಸಿಟಿಯವರು ತಮ್ಮ ಕೋಚನ್ನು ಓಡಿಸಿದ್ದಾರಂತೆ. ಹ್ಯಾಲಕ್‌ನ ಜನವೆಲ್ಲ ಒಟ್ಟಿಗೆ ಹೋಗಿ ಕೂತರೂ ಅವರ ಸ್ಟೇಡಿಯಮ್ಮಿನ ಒಂದು ಮೂಲೆ ತುಂಬುವುದಿಲ್ಲ. ಅವರಿಗೆ ವೇಡ್ ಬೇಕಂತೆ.

ಸೂಪರ್ ಮಾರ್ಕೆಟ್ಟಿನಲ್ಲಿ ಹಾಲು ತೆಗೆದುಕೊಳ್ಳಲು ಹೋದರೆ ಗುರುತಿಲ್ಲದ ಮುದುಕನೊಬ್ಬ ಅವಳ ಗಾಡಿಗೆ ಅಡ್ಡ ನಿಂತ.

"ಇರ್ತಾನಾ ಮೇಡಂ?"

"ನನಗೆ ಗೊತ್ತಿಲ್ಲ."

"ನಿಮಗೆ ಗೊತ್ತಿಲ್ದೆ ಇನ್ಯಾರಿಗೆ ಗೊತ್ತಿರತ್ತೆ. ಇರಿಸ್ಕೊಳ್ಳಿ ಮೇಡಂ ಹೇಗಾದ್ರೂ."

ಅವಳಿಗೆ ಸಿಟ್ಟು ಬಂತು. ಊರಿನ ಪರವಾಗಿ ಒಬ್ಬ ಗಂಡಸನ್ನು ಕಟ್ಟಿಹಾಕುವ ಗೂಟವೇ ತಾನು?

ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮರುದಿನ, ಉಳಿದ ಟರ್ಕಿ ಕೋಳಿಯ ಸಾರಿನ ಎದುರು ಕೂತು ವೇಡ್ ತಾನೇ ಆ ಮಾತು ತೆಗೆದ.

"ಕೇಳಿದ್ದಾರೆ. ನಿಜವಾಗ್ಲೂ ಕೇಳಿದ್ದಾರೆ."

"ನಿನಗೆ ಹೋಗ್ಬೇಕು ಅನ್ಸತ್ತಾ?"

ಅವನು ಚಮಚ ಕೆಳಗಿಟ್ಟ. "ನನ್ನ ಕೈಕೆಳಗಿನ ಕೋಚುಗಳಿದಾರಲ್ಲ, ಅವರ ಮಕ್ಕಳು ಬಾಡಿಗೆ ಮನೇಲಿ ಬೆಳೀತಿದಾರೆ. ನಾನು ಹೋದ್ರೆ ಅವರೂ ಬರ್ತಾರೆ, ಅವರ ಜೀವನ ದಡ ಸೇರತ್ತೆ. ಇಲ್ಲಿ ನಾನು ಎಷ್ಟು ಗೆದ್ರೂ ದೇಶದ ದೊಡ್ಡ ಕಪ್ಪಿಗೆ ನಮ್ಮನ್ನ ಯಾರೂ ಕರೆಯಲ್ಲ. ಅಲ್ಲಿ ಕರೀತಾರೆ. ಮುಂದಿನ ವರ್ಷ ನಮ್ಮ ಒಳ್ಳೆ ಹುಡುಗ್ರನ್ನೆಲ್ಲ ದೊಡ್ಡ ಕಾಲೇಜುಗಳು ಎಳ್ಕೊಂಡು ಹೋಗ್ತಾವೆ. ನಾನು ಸೋಲ್ತೀನಿ. ಸೋತ ಮೇಲೆ ಈ ಊರು ನನ್ನನ್ನ ಏನ್ ಮಾಡತ್ತೆ ಅಂತ ನನಗೆ ಗೊತ್ತು."

ಅದರಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ. ಅದೇ ಅವಳಿಗೆ ಕಷ್ಟವಾದದ್ದು.

"ಏಬ್ರಮ್?"

"ಅವನಿಗೆ ಇನ್ನೊಂದು ವರ್ಷ ಇದೆ. ಅವನು ಗಟ್ಟಿ ಹುಡುಗ." ಅವನು ಕಿಟಕಿಯ ಕಡೆ ನೋಡಿದ. "ನೀನೂ ಬಾ ಮಾರಿಟ್. ಮದುವೆ ಆಗೋಣ. ಸಮುದ್ರದ ಹತ್ರ ಮನೆ."

ಎಷ್ಟು ದಿನದಿಂದ ಕಾದ ಮಾತು. ಬಂದದ್ದು ಹೀಗೆ, ಇನ್ನೊಂದರ ಬಾಲ ಹಿಡಿದುಕೊಂಡು.

"ಅಲ್ಲಿ ನಾನು ಏನ್ ಮಾಡ್ಲಿ?"

"ಅಲ್ಲಿ ನೀನು ಏನೂ ಮಾಡ್ಬೇಕಾಗಿಲ್ಲ."

ಅವನು ಅದನ್ನು ಪ್ರೀತಿಯಿಂದಲೇ ಹೇಳಿದ. ಮಾರಿಟ್ ತನ್ನ ಕೈಗಳನ್ನು ನೋಡಿಕೊಂಡಳು. ಈ ಕೈ ಎತ್ತಿದರೆ ಇನ್ನೂರು ಜನ ಉಸಿರು ಎಳೆದುಕೊಳ್ಳುತ್ತಾರೆ.

"ನೀನು ಇರು ಅಂದ್ರೆ ಇರ್ತೀನಿ," ಅಂದ ವೇಡ್. "ಒಂದು ಮಾತು. ಹೇಳು."

ಮಾತು ನಾಲಗೆಯ ತುದಿಯವರೆಗೂ ಬಂತು. ಆದರೆ ಅದರ ಹಿಂದೆಯೇ ಮುಂದಿನ ವರ್ಷಗಳೂ ಕಂಡವು. ಪ್ರತಿ ಸೋಲಿನ ಸಂಜೆ ಅವನು ಮನೆಗೆ ಬಂದು, ಏನೂ ಅನ್ನದೆ, ಅವಳ ಮುಖ ನೋಡುವುದು ಕಂಡಿತು.

"ಅದನ್ನ ನನ್ನ ತಲೆಗೆ ಕಟ್ಬೇಡ ವೇಡ್. ನಿನ್ನ ಜೀವನ. ನಿನಗೆ ಹೋಗ್ಬೇಕು ಅನ್ಸಿದ್ರೆ ಹೋಗು."

ಅವನು ಎದ್ದು ತಟ್ಟೆ ತೊಳೆದಿಟ್ಟ. "ಇನ್ನೂ ಏನೂ ನಿರ್ಧಾರ ಮಾಡಿಲ್ಲ. ನಾಳೆ ಓಮಾಹಾಗೆ ಹೋಗ್ತೀನಿ, ಒಬ್ಬ ಹುಡುಗನ ಆಟ ನೋಡೋದಿದೆ. ಬಂದ್ಮೇಲೆ ಮಾತಾಡೋಣ," ಅಂದ. ಬಾಗಿಲಲ್ಲಿ ನಿಂತು ಅವಳ ಕೂದಲನ್ನು ಕಿವಿಯ ಹಿಂದೆ ಸರಿಸಿದ. ಅವನ ಬೆರಳು ತಣ್ಣಗಿತ್ತು.

ಮರುದಿನ ಬ್ಯಾಂಡಿನ ಕೋಣೆಯಲ್ಲಿ ಯಾರ ಕೈಯಲ್ಲೂ ವಾದ್ಯವಿರಲಿಲ್ಲ. ಟ್ರೊಂಬೋನ್ ಊದುವ ಹುಡುಗರೆಲ್ಲ ಒಂದು ಫೋನಿನ ಮೇಲೆ ಬಗ್ಗಿದ್ದರು. ಯಾವ ವಿಮಾನ ಎಲ್ಲಿ ಹಾರುತ್ತಿದೆಯೆಂದು ತೋರಿಸುವ ನಕ್ಷೆ. ಡಿಸೆಂಬರ್ ಹತ್ತಿರವಾದರೆ ಈ ದೇಶದ ಅರ್ಧ ಜನ ಅದನ್ನೇ ನೋಡುತ್ತಾರೆ. ಯಾವ ಕಾಲೇಜಿನ ವಿಮಾನ ಯಾವ ಕೋಚಿನ ಊರಿನಲ್ಲಿ ಇಳಿಯಿತು ಎಂದು.

"ಏನದು?"

ಹುಡುಗರು ಮುಖ ಮುಖ ನೋಡಿಕೊಂಡರು. "ಬೆಳಗ್ಗೆ ಮಾರ್ಶಾಂಡ್ ವಿಮಾನ ನಮ್ಮೂರಲ್ಲಿ ಇಳಿದಿತ್ತು ಮೇಡಂ. ಈಗ ವಾಪಸ್ ಹೋಗ್ತಿದೆ."

"ಕೋಚ್ ಓಮಾಹಾಗೆ ಹೋಗಿದಾರೆ," ಅಂದಳು ಮಾರಿಟ್.

"ಓಮಾಹಾ ಪೂರ್ವಕ್ಕಿದೆ ಮೇಡಂ," ಅಂದ ಒಬ್ಬ, ಮೆಲ್ಲಗೆ. "ಇದು ದಕ್ಷಿಣಕ್ಕೆ ಹೋಗ್ತಿದೆ."

ಓಡೆಟ್ ಫೋನು ಕಸಿದುಕೊಂಡು ಮೇಜಿನ ಮೇಲೆ ಬೋರಲು ಹಾಕಿದಳು. "ವಾದ್ಯ ತೆಗೀರಿ. ಎಲ್ರೂ. ಈಗಲೇ."

ಬಾಗಿಲಲ್ಲಿ ಏಬ್ರಮ್ ನಿಂತಿದ್ದ. ಫುಟ್‌ಬಾಲ್ ಹುಡುಗರು ಬ್ಯಾಂಡಿನ ಕೋಣೆಗೆ ಬರುವುದಿಲ್ಲ. ಅವನು ಒಳಗೆ ಕಾಲಿಡದೆ, ಚೌಕಟ್ಟು ಹಿಡಿದುಕೊಂಡೇ ಕೇಳಿದ.

"ಮೇಡಂ, ಕೋಚ್ ನಿಮಗಾದ್ರೂ ಹೇಳಿದ್ರಾ?"

"ಇಲ್ಲಪ್ಪ."

"ನಮಗೂ ಇಲ್ಲ." ಹುಡುಗ ತಲೆಯಾಡಿಸಿದ. "ನಮ್ಮಮ್ಮನ ಹತ್ರ ಹೇಳಿದ್ರು ಮೇಡಂ, ನಿಮ್ಮ ಮಗ ಇರೋವರೆಗೂ ನಾನಿರ್ತೀನಿ ಅಂತ. ಮೂರ್ನಾಲ್ಕು ಸಲ ಬಡಿಸ್ಕೊಂಡು ಉಂಡ್ರು ಅವತ್ತು. ಈಗ ಅಮ್ಮ ಫೋನ್ ಮಾಡಿ ಕೇಳ್ತಿದಾಳೆ, ನಿಜಾನಾ ಅಂತ. ಏನ್ ಹೇಳ್ಲಿ?"

ಅವಳು ಕುರ್ಚಿಯೊಂದನ್ನು ಅವನ ಕಡೆ ಎಳೆದಳು. ಅವನು ಕೂರಲಿಲ್ಲ.

ಸಂಜೆ ಟಿವಿಯಲ್ಲಿ ವೇಡ್ ಕಂಡ. ಮಾರ್ಶಾಂಡ್ ಬಣ್ಣದ ನೇರಳೆ ಟೈ, ನೇರಳೆ ಟೋಪಿ, ಹೊಸ ಹೊಳಪು. ಇದು ನನ್ನ ಕನಸಿನ ಕೆಲಸ ಎಂದ. ಹ್ಯಾಲಕ್‌ನ ಜನರನ್ನು ಎಂದೂ ಮರೆಯುವುದಿಲ್ಲ ಎಂದ. ಆಮೇಲೆ ಅವಳ ಫೋನು ಬಡಿದುಕೊಂಡಿತು.

"ಓಮಾಹಾ ಅಂದ್ರಿ ಕೋಚ್."

"ಹಾಗೆ ಕರೀಬೇಡ. ನಿನ್ನ ಹತ್ರ ಹೇಳುವಾಗ ನನಗೆ ನಿಜವಾಗ್ಲೂ ಗೊತ್ತಿರ್ಲಿಲ್ಲ."

"ವಿಮಾನಕ್ಕೆ ಗೊತ್ತಿತ್ತು."

"ಹೇಳಿದ್ರೆ ಸುದ್ದಿ ಹೊರಗೆ ಬರ್ತಿತ್ತು. ಇದೆಲ್ಲ ಹೀಗೇ ನಡೆಯೋದು ಮಾರಿಟ್, ನಿನಗೆ ಗೊತ್ತು."

"ನಾನು ಸುದ್ದಿ ಪೇಪರ್ರಾ?"

ಅವನ ಹಿಂದೆ ಯಾರೋ ನಗುತ್ತಿದ್ದರು, ಗ್ಲಾಸುಗಳ ಸದ್ದು.

"ನೀನು ಇರು ಅನ್ಲಿಲ್ಲ," ಅಂದ ವೇಡ್ ಕೊನೆಗೆ. "ಕೇಳಿದೆ ನಾನು. ಅಂಗಲಾಚಿ ಕೇಳಿದೆ. ನೀನು ಹೋಗು ಅಂದೆ."

ಆ ಮಾತು ಅವಳೊಳಗೆ ಮುಳ್ಳಿನ ಹಾಗೆ ಮುರಿದುಕೊಂಡು ಕೂತುಬಿಟ್ಟಿತು.

ಎರಡು ವರ್ಷ ಅವಳು ಅದನ್ನು ಹೊತ್ತುಕೊಂಡು ಓಡಾಡಿದಳು. ಪಾತ್ರೆ ತೊಳೆಯುವಾಗ, ಕಾರು ಓಡಿಸುವಾಗ ಬಾಯಿ ತಾನಾಗಿಯೇ ಆ ಮಾತು ಆಡುತ್ತಿತ್ತು: ಇರು. ಎರಡೇ ಅಕ್ಷರ. ಅಷ್ಟನ್ನು ಅಂದಿದ್ದರೆ ಅವನು ಇಲ್ಲೇ ಇರುತ್ತಿದ್ದ. ಏಬ್ರಮ್‌ನ ಕೊನೆಯ ವರ್ಷ ಹಾಗೆ ಮಣ್ಣುಪಾಲಾಗುತ್ತಿರಲಿಲ್ಲ. ಊರಿನವರು ತನ್ನ ಕಡೆ ಹಾಗೆ ನೋಡುತ್ತಿರಲಿಲ್ಲ. ಹೊಸದಾಗಿ ಬಂದ ಕೋಚ್ ಸೋಲುತ್ತಲೇ ಹೋದ. ಏಬ್ರಮ್‌ನ ಭುಜ ಆ ವರ್ಷ ಮುರಿಯಿತು. ಓದು ಮುಗಿಸಿ ಅಪ್ಪನ ದನಗಳ ಹಿಂದೆ ಹೋದ.

"ಅವನು ಹೋಗ್ಬೇಕು ಅಂತಿದ್ದ, ಹೋದ," ಅನ್ನುತ್ತಿದ್ದಳು ಓಡೆಟ್. "ನೀನ್ಯಾಕೆ ಸೊರಗ್ತೀಯ?"

"ಒಂದು ಮಾತು ಹೇಳ್ಬಹುದಿತ್ತು ಓಡೆಟ್."

"ಒಂದು ಮಾತಿಗೆ ನಿಲ್ಲೋ ಗಂಡಸು ಒಂದು ಮಾತು ಹೇಳಿ ಹೋಗ್ತಿದ್ದ."

ಮಾರಿಟ್ ಒಪ್ಪಲಿಲ್ಲ. ತಪ್ಪು ತನ್ನದೆಂದುಕೊಂಡರೆ ಅವನ ಪ್ರೀತಿಯಾದರೂ ಉಳಿಯುತ್ತಿತ್ತು.

ಮಾರ್ಶಾಂಡ್‌ನಲ್ಲಿ ವೇಡ್ ಮೊದಲ ವರ್ಷ ಸುಮಾರಾಗಿ ಗೆದ್ದ. ಅಲ್ಲಿ ಸುಮಾರು ಸಾಲದು. ಎರಡನೆಯ ವರ್ಷ ನವೆಂಬರಿನಲ್ಲಿ, ಸೋತ ಪಂದ್ಯದ ಮರುದಿನವೇ, ತೆಗೆದುಹಾಕಿದರು. ಸುದ್ದಿ ಬಂದಾಗ ಹ್ಯಾಲಕ್‌ನ ಕ್ಷೌರದಂಗಡಿಯಲ್ಲಿ ಚಪ್ಪಾಳೆ ತಟ್ಟಿದರಂತೆ.

ಡಿಸೆಂಬರಿನ ಒಂದು ಬೆಳಗ್ಗೆ ಮಾರಿಟ್ ಬಾಗಿಲು ತೆಗೆದರೆ ಹಿಮದಲ್ಲಿ ವೇಡ್ ನಿಂತಿದ್ದ. ಕಿವಿಯ ಮೇಲೆ ಕೂದಲು ನರೆತಿತ್ತು. ಕೈಯಲ್ಲಿ ಒಂದೇ ಚೀಲ.

ಬಾಗಿಲು ಹಾಕಬೇಕೆಂದುಕೊಂಡಳು. ಕೈ ಹಾಕಲಿಲ್ಲ.

"ನಿನ್ನ ಅಂಗಳದಲ್ಲೂ ಬೋರ್ಡ್ ನೆಟ್ರಾ?" ಅಂದಳು. ಚುಚ್ಚಬೇಕೆಂದೇ ಅಂದದ್ದು.

"ಇಲ್ಲ. ನಾನು ಯಾವ ಮನೇಲಿದೀನಿ ಅಂತ ಅಲ್ಲಿ ಯಾರಿಗೂ ಗೊತ್ತೇ ಇರ್ಲಿಲ್ಲ."

ಅವಳು ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

ಆಮೇಲಿನ ಆ ಕೆಲವು ವಾರಗಳು ಅವಳ ಬದುಕಿನಲ್ಲೇ ಸಿಹಿಯಾದವು. ಆ ಸಿಹಿಯೇ ಅವಳಿಗೆ ಮೋಸಮಾಡಿತು. ಅವನು ಬೆಳಗ್ಗೆ ಎದ್ದು ಅಕ್ಕಪಕ್ಕದ ಮನೆಗಳ ಮುಂದಿನ ಹಿಮವನ್ನೂ ಸಲಿಕೆಯಲ್ಲಿ ಎತ್ತಿಹಾಕುತ್ತಿದ್ದ. ಅವರು ಮಾತಾಡುತ್ತಿರಲಿಲ್ಲ, ಅವನು ಎತ್ತುತ್ತಲೇ ಇದ್ದ. ಮಧ್ಯಾಹ್ನ ಬ್ಯಾಂಡಿನ ಕೋಣೆಯ ಹಿಂದಿನ ಸಾಲಿನಲ್ಲಿ ಬಂದು ಕೂರುತ್ತಿದ್ದ. ಓಡೆಟ್ ಮೂರು ದಿನ ಸಹಿಸಿ ನಾಲ್ಕನೆಯ ದಿನ ಅವನ ಕೈಗೆ ಎರಡು ತಾಳ ಕೊಟ್ಟಳು.

"ಸುಮ್ನೆ ಕೂರೋರಿಗೆ ಇಲ್ಲಿ ಜಾಗ ಇಲ್ಲ. ನಾನು ಕಣ್ಣು ಬಿಟ್ಟಾಗ ಬಡಿ."

"ಯಾವಾಗ ಕಣ್ಣು ಬಿಡ್ತೀರಾ?"

"ನಿನಗೆ ಗೊತ್ತಾಗತ್ತೆ. ಊರಿಗೆಲ್ಲಾ ಗೊತ್ತಾಗತ್ತೆ."

ಅವನು ಒಂದು ಎಣಿಕೆ ತಡವಾಗಿಯೇ ಬಡಿಯುತ್ತಿದ್ದ. ಹುಡುಗರು ಬಿದ್ದು ಬಿದ್ದು ನಗುತ್ತಿದ್ದರು. ಮಾರಿಟ್ ಮುಖ ಗಂಟಿಕ್ಕಿ ಅವನ ಕಡೆ ಕೋಲು ತೋರಿಸಿದರೆ ತಪ್ಪು ಮಾಡಿದ ವಿದ್ಯಾರ್ಥಿಯ ಹಾಗೆ ತಲೆ ತಗ್ಗಿಸಿ, ಕಣ್ಣು ಮಾತ್ರ ಮೇಲೆತ್ತಿ ನೋಡುತ್ತಿದ್ದ. ಆ ನೋಟಕ್ಕೆ ಅವಳ ಲಯವೇ ತಪ್ಪುತ್ತಿತ್ತು.

ಒಂದು ದಿನ ಕಾರು ತೆಗೆದುಕೊಂಡು ಏಬ್ರಮ್‌ನ ಊರಿಗೆ ಹೋಗಿಬಂದ. ಬಂದವನು ಕೋಟು ತೆಗೆಯದೆ ಅಡುಗೆಮನೆಯಲ್ಲಿ ಕೂತ.

"ಏನಂದ?"

"ದನಕ್ಕೆ ಹುಲ್ಲು ಹಾಕ್ತಿದ್ದ. ಎಡಗೈಯಲ್ಲಿ. ಬಲಗೈ ಮೇಲಕ್ಕೆ ಏಳಲ್ಲ ಅಂತೆ." ಅವನು ಅಂಗೈಯಿಂದ ಮುಖ ಒರೆಸಿಕೊಂಡ. "ಅವರಮ್ಮ ಊಟಕ್ಕೆ ಕೂರಿಸಿ ಬಡಿಸಿದ್ರು. ಒಂದು ಮಾತೂ ಬೈಲಿಲ್ಲ. ಬೈದಿದ್ರೆ ಚೆನ್ನಾಗಿತ್ತು ಮಾರಿಟ್."

ಅವಳು ಅವನ ತಲೆಯನ್ನು ಎದೆಗೊತ್ತಿಕೊಂಡಳು. ಈ ಸಲ ಇವನಿಗೆ ಅರ್ಥವಾಗಿದೆ ಅನ್ನಿಸಿತು.

ಊರಿನ ಹೈಸ್ಕೂಲಿನವರು ಅಳುಕುತ್ತಲೇ ಬಂದು, ನಮ್ಮ ಮಕ್ಕಳಿಗೆ ಹೇಳಿಕೊಡುತ್ತೀರಾ ಎಂದು ಕೇಳಿದರು. ಜನವರಿಯಿಂದ ಬರುತ್ತೇನೆ ಎಂದು ವೇಡ್ ಒಪ್ಪಿದ. ಅಂದು ಸಂಜೆ ಇಬ್ಬರೂ ಗೋಡೆಗೆ ಯಾವ ಬಣ್ಣ ಹೊಡೆಸುವುದು ಎಂದು ಜಗಳವಾಡಿದರು. ಅವನಿಗೆ ಹಸಿರು, ಅವಳಿಗೆ ಬಿಳಿ. ಎಂಥ ಚಂದದ ಜಗಳ.

ಹೊಸ ವರ್ಷ ಕಳೆದ ಮೇಲೆ ಒಂದು ಬೆಳಗ್ಗೆ, ಅವಳು ಮೊಟ್ಟೆ ಹುರಿಯುತ್ತಿದ್ದಾಗ, ಅವನ ಫೋನು ಬಂತು. ಅವನು ಕಿಟಕಿಯ ಬಳಿ ಹೋಗಿ ಬೆನ್ನು ತಿರುಗಿಸಿ ಮಾತಾಡಿದ. ಹೂಂ, ಹೂಂ, ಅಷ್ಟೇ. ಆದರೆ ಆ ಬೆನ್ನು ನೆಟ್ಟಗಾಯಿತು. ಕುಗ್ಗಿದ್ದ ಹೆಗಲು ಎದ್ದು ನಿಂತಿತು. ತಿರುಗಿದಾಗ ಮುಖದಲ್ಲಿ ದೀಪ ಹಚ್ಚಿದ ಹಾಗಿತ್ತು. ಈ ವಾರಗಳಲ್ಲಿ ತನ್ನ ಪಕ್ಕದಲ್ಲಿ ಆ ಮುಖದಲ್ಲಿ ಅಂಥ ಬೆಳಕು ಒಮ್ಮೆಯೂ ಬಂದಿರಲಿಲ್ಲ ಎಂಬುದು ಅವಳಿಗೆ ಆಗ ಹೊಳೆಯಿತು.

"ಐಡಾಹೊದಲ್ಲಿ ಒಂದು ಕಾಲೇಜು," ಅಂದ. "ಅವರ ಕೋಚ್ ಬೇರೆ ಕಡೆ ಹೋದನಂತೆ. ಒಳ್ಳೆ ಹುಡುಗ್ರಿದಾರೆ. ಇವತ್ತೇ ಬನ್ನಿ ಅಂತಾರೆ."

"ಹೈಸ್ಕೂಲಿಗೆ ಮಾತು ಕೊಟ್ಟಿದೀಯ."

"ಗೊತ್ತು." ಅವನು ಕುರ್ಚಿ ಎಳೆದು ಕೂತ. ಅವಳ ಕೈ ಹಿಡಿದುಕೊಂಡ. ಕಣ್ಣು ತೇವವಾಗಿತ್ತು, ನಟನೆಯಲ್ಲ. "ಅವತ್ತು ನೀನು ಇರು ಅಂದಿದ್ರೆ ಇದೆಲ್ಲ ಆಗ್ತಾನೇ ಇರ್ಲಿಲ್ಲ ಮಾರಿಟ್. ಇಲ್ಲೇ ಇರ್ತಿದ್ದೆ. ಆ ಒಂದು ಮಾತಿಗೆ ಎಷ್ಟು ಆಸೆಪಟ್ಟಿದ್ದೆ ಗೊತ್ತಾ?"

ಮಾರಿಟ್ ಕೈ ಬಿಡಿಸಿಕೊಂಡು ಒಲೆ ಆರಿಸಿದಳು. ಕೈ ಒರೆಸಿಕೊಂಡು ಬಂದು ಅವನ ಎದುರು ಕೂತಳು.

"ಇರು," ಅಂದಳು.

ಅವನು ತಲೆಯೆತ್ತಿದ.

"ಈಗ ಹೇಳ್ತಿದೀನಿ, ಕೇಳು. ಇರು. ಹೈಸ್ಕೂಲಿಗೆ ಹೋಗು, ಇಲ್ಲಾ ಹೋಗ್ಬೇಡ. ಗೆಲ್ಲು, ಸೋಲು. ಏನೂ ಮಾಡ್ದೆ ದಿನಾ ಇಲ್ಲೇ ಕೂತಿರು, ನಾನು ದುಡಿದು ತರ್ತೀನಿ. ನಾನು ನಿನ್ನನ್ನ ಮೆಚ್ಚಿದ್ದು ನೀನು ಐವತ್ತಾರಕ್ಕೆ ಮೂರು ಸೋತ ದಿನ. ಅದನ್ನ ನೀನು ಯಾವತ್ತೂ ನಂಬ್ಲಿಲ್ಲ. ಇವತ್ತಾದ್ರೂ ನಂಬು. ನನಗೆ ನೀನು ಬೇಕು. ಇರು ವೇಡ್."

ಎರಡು ವರ್ಷದಿಂದ ಒಳಗೆ ಕೊಳೆಯುತ್ತಿದ್ದ ಮಾತು ಬೆಳಕಿಗೆ ಬಂದು ಮೇಜಿನ ಮೇಲೆ, ಅವರಿಬ್ಬರ ನಡುವೆ ಇತ್ತು.

ವೇಡ್ ಅವಳ ಬೆರಳುಗಳನ್ನು ತುಟಿಗೊತ್ತಿಕೊಂಡ. ಕಣ್ಣು ಮುಚ್ಚಿದ. ಫೋನು ಮೇಜಿನ ಮೇಲೆ ಮತ್ತೆ ಮಿಡಿಯಿತು. ಅವನ ಕಣ್ಣು ತೆರೆಯಿತು. ಮೊದಲು ನೋಡಿದ್ದು ಅವಳನ್ನಲ್ಲ.

"ಒಂದ್ಸಲ ಹೋಗಿ ಮಾತಾಡ್ಕೊಂಡು ಬರ್ತೀನಿ," ಅಂದ. "ಮಾತಾಡೋದು ಅಷ್ಟೇ. ಒಪ್ಕೋತೀನಿ ಅಂತಲ್ಲ."

ಅವಳು ಅವನನ್ನು ನೋಡುತ್ತಾ ಕೂತಳು. ಅವನು ಸುಳ್ಳು ಹೇಳುತ್ತಿರಲಿಲ್ಲ. ಎಂದೂ ಹೇಳಿರಲಿಲ್ಲವೇನೋ. ಹೊರಡುವಾಗ ಪ್ರತಿ ಸಲವೂ ತಾನು ಹಿಂದಿರುಗುವವನೆಂದೇ ಅವನು ತಿಳಿದಿರುತ್ತಿದ್ದ.

ಏರ್‌ಪೋರ್ಟಿಗೆ ಅವಳೇ ಬಿಟ್ಟುಬಂದಳು. ದಾರಿಯುದ್ದಕ್ಕೂ ಅವನು ಐಡಾಹೊದ ಹುಡುಗರ ಮಾತಾಡಿದ. ಯಾರು ಎಷ್ಟು ವೇಗ, ಯಾರಿಗೆ ಎಂಥ ಕೈ. ನಡುವೆ ತನಗೇ ನಾಚಿಕೆಯಾಗಿ ಸುಮ್ಮನಾದ. ಮತ್ತೆ ಶುರುಮಾಡಿದ. ಎರಡೂ ಕಡೆ ಹಿಮದಡಿ ಮಲಗಿದ ಹೊಲಗಳು.

ಇಳಿಯುವ ಮುನ್ನ ಅವಳ ಹಣೆಗೆ ಮುತ್ತಿಟ್ಟ. "ನೀನೂ ಬಾ," ಅಂದ. "ಅಲ್ಲಿ ಬೆಟ್ಟ ಇದೆ, ಚೆನ್ನಾಗಿದೆಯಂತೆ."

"ಬೆಳಗ್ಗೆ ನಾನು ಹೇಳಿದ್ದು ಕೇಳಿಸ್ತಾ ವೇಡ್?"

ಅವನು ಚೀಲದ ಪಟ್ಟಿಯನ್ನು ಹೆಗಲಿಗೆ ಸರಿಮಾಡಿಕೊಂಡ. ಆಮೇಲೆ ಅವಳ ಕಣ್ಣಲ್ಲಿ ಕಣ್ಣಿಟ್ಟು ನೋಡಿದ.

"ಕೇಳಿಸ್ತು," ಅಂದ.

ಅಷ್ಟು ಹೇಳಿ ಬಾಗಿಲು ಮೆಲ್ಲಗೆ ಹಾಕಿ, ಹಿಮದ ಮೇಲೆ ಜಾರದ ಹಾಗೆ ಹೆಜ್ಜೆಯಿಡುತ್ತಾ ಒಳಗೆ ಹೋದ.

ಮಾರಿಟ್ ಕಾರು ತಿರುಗಿಸಲಿಲ್ಲ. ಎಂಜಿನ್ ಆರಿಸಿ, ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಅವತ್ತು ಆ ಮಾತು ಹೇಳಿದ್ದರೂ ಅವನು ಹೋಗಿಯೇ ಹೋಗುತ್ತಿದ್ದ. ಎರಡು ವರ್ಷ ತನ್ನನ್ನೇ ದೂರಿಕೊಂಡದ್ದೆಲ್ಲ ಸುಳ್ಳಿಗೆ. ತಪ್ಪು ತನ್ನದಲ್ಲ ಎಂದು ಗೊತ್ತಾದ ಮೇಲೆ, ಅಷ್ಟು ದಿನ ಬಾರದೆ ಕಾಡಿದ್ದ ಅಳು ಸಲೀಸಾಗಿ ಬಂತು.